ಮುಳುಗಿದ ಯುದ್ಧನೌಕೆ ಮೊದಲು ಸಿಗುವುದು ಕಾಗದದಲ್ಲಿ

ನೀರಿನಡಿಯ ಸರ್ವೆ ನನ್ನ ಕೆಲಸ. ಗೊರೂರು ಹಿನ್ನೀರಿನಲ್ಲಿ ಹೂಳು ಅಳೆಯುವ ಸೋನಾರ್, ಸಾಗರದಲ್ಲಿ ಯುದ್ಧನೌಕೆ ಹುಡುಕುವ ಸೋನಾರ್, ಎರಡೂ ಒಂದೇ ಜಾತಿ. ಶಬ್ದ ಬಿಡುತ್ತವೆ, ಮರಳಿ ಬಂದದ್ದನ್ನು ಕೇಳಿಸಿಕೊಳ್ಳುತ್ತವೆ. ಆದರೆ ಸೋನಾರ್ ನೀರಿಗಿಳಿಯುವ ಮೊದಲೇ ಅರ್ಧ ಹುಡುಕಾಟ ಹಳೇ ಕಾಗದಗಳಲ್ಲಿ ಮುಗಿದಿರಬೇಕು.

ಆಸ್ಟ್ರೇಲಿಯಾದ ಯುದ್ಧನೌಕೆ 'ಸಿಡ್ನಿ'ಯನ್ನೇ ನೋಡಿ. 1941ರ ನವೆಂಬರ್ 19ರಂದು ಅದು ಜರ್ಮನಿಯ ಹಡಗು 'ಕೊರ್ಮೊರಾನ್' ಜೊತೆ ಕಾದಾಡಿತು. ಎರಡೂ ಮುಳುಗಿದವು. ಸಿಡ್ನಿಯ 645 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಜರ್ಮನ್ನರಲ್ಲಿ 300ಕ್ಕೂ ಹೆಚ್ಚು ಮಂದಿ ಬದುಕಿದರು. ಅಂದರೆ ಜಾಗ ಹೇಳಬಲ್ಲವರು ಶತ್ರುಗಳು ಮಾತ್ರ. ಅವರು ಹೇಳಿದ್ದು ದಕ್ಷಿಣ ಅಕ್ಷಾಂಶ 26, ಪೂರ್ವ ರೇಖಾಂಶ 111. ಇಷ್ಟು ದುಂಡಗಿನ ಲೆಕ್ಕ ಕಟ್ಟುಕಥೆಯೇ ಇರಬೇಕು ಅಂತ ಎಷ್ಟೋ ಜನ ದಶಕಗಳ ಕಾಲ ಅನುಮಾನಪಟ್ಟರು.

ಗೊರೂರಿನ ಹೇಮಾವತಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರುಗಳ ಹಿರಿಯರನ್ನು ಹಳೇ ಗುಡಿ ಎಲ್ಲಿತ್ತು ಅಂತ ಕೇಳಿ. ಒಬ್ಬರು ಹುಣಸೆ ಮರದಿಂದಾಚೆ ಅನ್ನುತ್ತಾರೆ. ಇನ್ನೊಬ್ಬರು ಶೆಟ್ಟಿಹಳ್ಳಿ ಚರ್ಚಿನ ನೇರಕ್ಕೆ ಅನ್ನುತ್ತಾರೆ. ಇಬ್ಬರ ಮಾತೂ ನಿಜವೇ. ಹುಣಸೆ ಮರ ಈಗಿಲ್ಲ, ಚರ್ಚಿನ ಗೋಡೆ ಇವತ್ತೂ ನಿಂತಿದೆ, ಹಾಗಾಗಿ ಎರಡನೆಯದನ್ನು ನಕ್ಷೆಗೆ ಇಳಿಸಬಹುದು ಅಷ್ಟೆ. ಸಾಕ್ಷಿ ಯಾವುದನ್ನು ಗುರುತು ಹಿಡಿದು ಹೇಳಿದ ಅನ್ನುವುದನ್ನು ಮೊದಲು ಕೇಳಬೇಕು, ಅಲ್ವಾ?

ಮುಳುಗಿದ ಹಡಗು ಹುಡುಕುವ ಡೇವಿಡ್ ಮರ್ನ್ಸ್ ತಂಡ ಜರ್ಮನ್ನರ ಮಾತನ್ನು ನಂಬಿತು. ಸಾಕ್ಷಿಗಳಿದ್ದ ಕೊರ್ಮೊರಾನನ್ನೇ ಮೊದಲು ಹುಡುಕಿತು. 2008ರ ಮಾರ್ಚ್‌ನಲ್ಲಿ ಅದು ಸಿಕ್ಕಿದ್ದು ಆ ದುಂಡಗಿನ ಬಿಂದುವಿನಿಂದ ಬರೀ 13 ಕಿ.ಮೀ. ಆಸುಪಾಸಿನಲ್ಲಿ! ಸಿಡ್ನಿ ಉರಿಯುತ್ತಾ ಆಗ್ನೇಯಕ್ಕೆ ಹೋಯಿತು ಅಂದಿದ್ದರು. ಆ ದಿಕ್ಕಿನಲ್ಲೇ, ಸುಮಾರು 21 ಕಿ.ಮೀ. ದೂರದಲ್ಲಿ, 2468 ಮೀಟರ್ ಆಳದಲ್ಲಿ ಅದೂ ಸಿಕ್ಕಿತು.

ಇನ್ನು ಸೋನಾರ್ ಕೆಲಸ. ಹಡಗು ಉಳುಮೆಯ ಸಾಲಿನ ಹಾಗೆ ನಿಧಾನಕ್ಕೆ ಹೋಗಿ ಬರುತ್ತದೆ. ಹಿಂದೆ ಕಿಲೋಮೀಟರ್‌ಗಟ್ಟಲೆ ಕೇಬಲ್, ತುದಿಯಲ್ಲಿ ಸೋನಾರ್. ಕಡಿಮೆ ಕಂಪನಾಂಕದ ಶಬ್ದ ದೂರ ಹೋಗುತ್ತದೆ, ಚಿತ್ರ ಮಸುಕು. ಜಾಸ್ತಿ ಮಾಡಿದರೆ ಚಿತ್ರ ಸ್ಪಷ್ಟ, ದೂರ ಕಡಿಮೆ. ಪರದೆಯಲ್ಲಿ ಕಬ್ಬಿಣ ಬೆಳ್ಳಗೆ ಹೊಳೆಯುತ್ತದೆ. ಬಂಡೆಯೂ ಹಾಗೇ ಹೊಳೆಯುತ್ತದೆ. ನಾನು ನೋಡುವುದು ಅದರ ಹಿಂದಿನ ಕಪ್ಪು ನೆರಳನ್ನು, ಅಂದರೆ ಶಬ್ದ ತಲುಪದ ಜಾಗವನ್ನು. ನೆರಳಿನ ಉದ್ದದಿಂದ ವಸ್ತುವಿನ ಎತ್ತರ ಲೆಕ್ಕ ಹಾಕಬಹುದು. ಅಂಚು ನೆಟ್ಟಗಿದ್ದು ಸುತ್ತಲೂ ಚೂರುಗಳು ಚೆಲ್ಲಿದ್ದರೆ ಕ್ಯಾಮೆರಾ ಇಳಿಸಬೇಕು.

ಸಿಡ್ನಿಯ ಚಿತ್ರಗಳಲ್ಲಿ ಮೂತಿಯ ಭಾಗ ಕಳಚಿ ಬಿದ್ದಿತ್ತು. ಮುಂಭಾಗಕ್ಕೆ ಟಾರ್ಪಿಡೊ, ಅಂದರೆ ನೀರಿನಡಿ ಸಾಗಿ ಸಿಡಿಯುವ ಅಸ್ತ್ರ, ಬಡಿಯಿತು ಅಂತ ಜರ್ಮನ್ನರು 1941ರಲ್ಲೇ ಹೇಳಿದ್ದರು.

ದಿಯು ಹತ್ತಿರ 1971ರ ಡಿಸೆಂಬರ್ 9ರಂದು ಮುಳುಗಿದ ನಮ್ಮ ನೌಕಾಪಡೆಯ ಯುದ್ಧನೌಕೆ ಖುಕ್ರಿಯ ಜೊತೆ 18 ಅಧಿಕಾರಿಗಳು, 176 ನಾವಿಕರು ಹೋದರು. ಇಂಥ ಹಡಗನ್ನು ಮೇಲೆತ್ತಬಾರದೇಕೆ ಅಂತ ಹುಡುಗರು ಕೇಳುತ್ತಾರೆ. ಅದು ಸಮಾಧಿ. ಜಾಗ ಗುರುತಿಸಿ, ಚಿತ್ರ ತೆಗೆದು, ಮನೆಯವರಿಗೆ ತಿಳಿಸಿ ಅನ್ನುತ್ತೇನೆ. ಒಂದು ಮೊಳೆಯನ್ನೂ ತರಬೇಡಿ.