ಸೇಫ್ಟಿ ಸ್ವಿಚ್ ಕೆಟ್ಟರೆ ಮಶೀನು ಏನು ಮಾಡುತ್ತದೆ?

ಕಾರವಾರ, ಅಂಕೋಲಾ, ಶಿರಸಿ ಕಡೆಯ ಐಟಿಐ, ಡಿಪ್ಲೊಮಾ ಗೆಳೆಯರಿಗಾಗಿ ಈ ಟಿಪ್ಪಣಿ. ಪುಸ್ತಕದಲ್ಲಿ ಸೇಫ್ಟಿ ಸ್ವಿಚ್‌ಗಳ ಪಟ್ಟಿ ಉದ್ದಕ್ಕಿರುತ್ತದೆ. ಬಾಯಿಪಾಠ ಮಾಡುವ ಮೊದಲು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಇದು ಕೆಟ್ಟರೆ ಮಶೀನು ನಿಲ್ಲುತ್ತದಾ, ಓಡುತ್ತಲೇ ಇರುತ್ತದಾ? ಉಪ್ಪುಗಾಳಿಯ ಊರಲ್ಲಿ ಸ್ವಿಚ್ ಕೆಡುವುದು ಅಪರೂಪ ಏನಲ್ಲ.

ಬೈತಖೋಲ ಬಂದರಿನ ಕಡೆ ಹೋದವರು ಐಸ್ ಕ್ರಷರ್ ನೋಡಿರಬಹುದು. ಮೇಲಿನ ಬಾಯಿಗೆ ಐಸ್ ಗಡ್ಡೆ ಹಾಕಿದರೆ ಒಳಗಿನ ಹಲ್ಲಿನ ರೋಲರ್ ಅದನ್ನು ಪುಡಿ ಮಾಡುತ್ತದೆ. ಆ ಬಾಯಿಗೊಂದು ಮುಚ್ಚಳ, ಮುಚ್ಚಳಕ್ಕೊಂದು ಲಿಮಿಟ್ ಸ್ವಿಚ್ (ಏನಾದರೂ ತಾಗಿ ಒತ್ತಿದಾಗ ಕೆಲಸ ಮಾಡುವ ಸ್ವಿಚ್) ಹಾಕೋಣ. ಮೊದಲು ತೋಚುವ ದಾರಿ ಇದು: ಮುಚ್ಚಳ ಕೂತಾಗ ಸ್ವಿಚ್ಚಿನ ಒತ್ತುಕಡ್ಡಿ ಅಂದರೆ ಪ್ಲಂಜರನ್ನು ಒತ್ತುತ್ತದೆ, ಎನ್‌ಓ (ಒತ್ತದಿದ್ದಾಗ ತೆರೆದಿರುವ) ಕಾಂಟ್ಯಾಕ್ಟ್ ಕೂಡುತ್ತದೆ, ಮೋಟಾರು ಓಡುತ್ತದೆ. ತೆರೆದಾಗ ಕಾಂಟ್ಯಾಕ್ಟ್ ಬಿಡಿಸುವ ಕೆಲಸ ಒಳಗಿನ ಸ್ಪ್ರಿಂಗಿನದು. ಸ್ಪ್ರಿಂಗ್ ಮುರಿದರೆ? ಪ್ಲಂಜರ್ ತುಕ್ಕಿಗೆ ಸಿಕ್ಕಿಕೊಂಡರೆ? ಮುಚ್ಚಳ ತೆರೆದೇ ಇದೆ, ರೋಲರ್ ತಿರುಗುತ್ತಲೇ ಇದೆ. ಸಾಲದ್ದಕ್ಕೆ, ಪ್ಲಂಜರನ್ನು ಬೆರಳಲ್ಲಿ ಒತ್ತಿ ಹಿಡಿದರೂ ಮಶೀನು ಓಡುತ್ತದೆ.

ಆದ್ದರಿಂದ ಇದನ್ನು ತಿರುವುಮುರುವು ಮಾಡಬೇಕು. ಮುಚ್ಚಳದ ಬಿಜಾಗರಿಗೆ ಒಂದು ಕ್ಯಾಮ್ (ತಿರುಗಿದಾಗ ಪಕ್ಕದ್ದನ್ನು ತಳ್ಳುವ ಉಬ್ಬಿನ ತುಂಡು) ಕೂರಿಸಿ. ಮುಚ್ಚಳ ಎತ್ತಿದಾಗ ಕ್ಯಾಮ್ ಪ್ಲಂಜರನ್ನು ಒತ್ತಬೇಕು, ಎನ್‌ಸಿ (ಒತ್ತದಿದ್ದಾಗ ಕೂಡಿರುವ) ಕಾಂಟ್ಯಾಕ್ಟ್ ಬಿಡಬೇಕು. ಈಗ ಕಾಂಟ್ಯಾಕ್ಟ್ ಬಿಡಿಸುವುದು ಸ್ಪ್ರಿಂಗ್ ಅಲ್ಲ, ಮುಚ್ಚಳ ಎತ್ತುವವನ ಕೈಬಲ. ಕಾಂಟ್ಯಾಕ್ಟ್ ಬೆಸೆದುಕೊಂಡಿದ್ದರೂ ಆ ಬಲಕ್ಕೆ ಕಿತ್ತು ಬರುತ್ತದೆ. ಇದೇ ಪಾಸಿಟಿವ್ ಓಪನಿಂಗ್. ಇಂಥ ಸ್ವಿಚ್ಚಿನ ಮೈಮೇಲೆ ವೃತ್ತದೊಳಗೊಂದು ಬಾಣದ ಗುರುತು ಇರುತ್ತದೆ. ಆ ಗುರುತಿಲ್ಲದ ಅಗ್ಗದ ಲಿಮಿಟ್ ಸ್ವಿಚ್ ಸೇಫ್ಟಿ ಕೆಲಸಕ್ಕೆ ಬೇಡವೇ ಬೇಡ. ಮುಚ್ಚಳ ಹಾಕಿದಾಗ ಕರೆಂಟು ಈ ಕಾಂಟ್ಯಾಕ್ಟಿನ ಮೂಲಕವೇ ಹರಿಯುವುದರಿಂದ ವೈರ್ ಕಡಿದುಹೋದರೂ ಮಶೀನು ನಿಲ್ಲುತ್ತದೆ.

ಎಮರ್ಜೆನ್ಸಿ ಸ್ಟಾಪಿಗೂ ಇದೇ ಲೆಕ್ಕ. ಹಳದಿ ಹಿನ್ನೆಲೆಯ ಮೇಲೆ ಕೆಂಪು ಅಣಬೆ ಗುಂಡಿ, ಒತ್ತಿದರೆ ಒಳಗೇ ಲಾಕ್ ಆಗಬೇಕು. ಐಎಸ್‌ಓ 13850 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವ ಮುಖ್ಯ ಮಾತು: ಗುಂಡಿ ಬಿಡಿಸಿದ ಮಾತ್ರಕ್ಕೆ ಮಶೀನು ಶುರುವಾಗಬಾರದು, ಸ್ಟಾರ್ಟ್ ಬೇರೆಯಾಗಿ ಒತ್ತಬೇಕು. ಈ ಗುಂಡಿ ಇದೆ ಅಂತ ಗಾರ್ಡ್ (ಮುಚ್ಚಳದಂಥ ರಕ್ಷಣೆ) ಬಿಡುವಂತಿಲ್ಲ. ಕೈ ಒಳಗೆ ಹೋದವನು ಗುಂಡಿ ಒತ್ತುವುದು ಹೇಗೆ, ಅಲ್ವಾ?

ಮ್ಯಾಗ್ನೆಟ್ ಸ್ವಿಚ್‌ಗೆ ಬರೋಣ. ಐಎಸ್‌ಓ 14119ರ 2013ರ ಆವೃತ್ತಿ ಇಂಟರ್‌ಲಾಕ್‌ಗಳನ್ನು, ಅಂದರೆ ಗಾರ್ಡ್ ತೆರೆದರೆ ಮಶೀನು ನಿಲ್ಲಿಸುವ ಸ್ವಿಚ್‌ಗಳನ್ನು, ನಾಲ್ಕು ಟೈಪ್ ಮಾಡಿತ್ತು. 1, 2 ಮೆಕ್ಯಾನಿಕಲ್. 3, 4 ಮುಟ್ಟದೇ ಕೆಲಸ ಮಾಡುವಂಥವು. 2 ಮತ್ತು 4 ಕೋಡ್ ಇರುವಂಥವು, ಅಂದರೆ ತಮಗಾಗಿ ಮಾಡಿದ ಜೋಡಿ ತುಂಡಿಗಷ್ಟೇ ಕೆಲಸ ಮಾಡುವಂಥವು. ಕೋಡ್ ಇಲ್ಲದ ಮ್ಯಾಗ್ನೆಟ್ ಸ್ವಿಚ್ಚಿಗೆ ಹಳೇ ಸ್ಪೀಕರಿನ ಮ್ಯಾಗ್ನೆಟ್ ಚೂರು ಟೇಪ್ ಹಚ್ಚಿ ಕಟ್ಟಿದರೆ ಮುಗಿಯಿತು, ಮುಚ್ಚಳ ಹಾಕಿದೆ ಅಂತಲೇ ನಂಬುತ್ತದೆ. ಹಾಗೆ ಕಟ್ಟುವವರನ್ನು ಬೈಯುವುದು ಸುಲಭ. ಆದರೆ ಐಸ್ ಪದೇ ಪದೇ ಸಿಕ್ಕಿಕೊಂಡು ಮುಚ್ಚಳ ಎತ್ತಲೇಬೇಕಾದರೆ, ತಪ್ಪು ಜಾಸ್ತಿ ಇರುವುದು ಮಶೀನಿನ ವಿನ್ಯಾಸದಲ್ಲಿ ಅಂತ ನನ್ನ ಅನಿಸಿಕೆ.

ಇನ್ನೊಂದು ತೊಂದರೆ. ಕರೆಂಟು ತೆಗೆದ ಮೇಲೂ ಭಾರದ ರೋಲರ್ ಸ್ವಲ್ಪ ಹೊತ್ತು ಸುತ್ತುತ್ತದೆ. ಅಲ್ಲಿ ಸ್ವಿಚ್ ಮಾತ್ರ ಸಾಲದು, ರೋಲರ್ ನಿಲ್ಲುವ ತನಕ ಮುಚ್ಚಳ ಬಿಡದ ಗಾರ್ಡ್ ಲಾಕ್ ಬೇಕು. ಸೊಲೆನಾಯ್ಡ್‌ಗೆ (ಲಾಕಿನೊಳಗಿನ ವಿದ್ಯುತ್ ಮ್ಯಾಗ್ನೆಟ್) ವೋಲ್ಟೇಜ್ ಕೊಟ್ಟರೆ ಮಾತ್ರ ಬಿಡುವ ಜಾತಿಯದನ್ನೇ ಆರಿಸಿ. ಕರೆಂಟು ಹೋದರೂ ಮುಚ್ಚಳ ಲಾಕ್ ಆಗಿಯೇ ಇರುತ್ತದೆ.

ಸ್ವಿಚ್ ಸರಿ ಇದ್ದೂ ಮೋಟಾರಿಗೆ ಕರೆಂಟು ಹಾಯಿಸುವ ಕಾಂಟ್ಯಾಕ್ಟರ್ ಬೆಸೆದುಕೊಂಡರೆ? ಅದಕ್ಕೇ ಸೇಫ್ಟಿ ರಿಲೇ. ಸ್ವಿಚ್ಚಿನಿಂದ ಎರಡು ಚಾನಲ್ ಬರುತ್ತವೆ, ಎರಡೂ ಒಟ್ಟಿಗೆ ಬದಲಾಗದಿದ್ದರೆ ರಿಲೇ ಮತ್ತೆ ಶುರು ಮಾಡಲು ಬಿಡುವುದಿಲ್ಲ. ಹೊರಗೆ ಎರಡು ಕಾಂಟ್ಯಾಕ್ಟರ್ ಸೀರೀಸಿನಲ್ಲಿರುತ್ತವೆ, ಒಂದು ಅಂಟಿದರೆ ಇನ್ನೊಂದು ಬಿಡುತ್ತದೆ. ಎರಡರ ಎನ್‌ಸಿ ಮಿರರ್ ಕಾಂಟ್ಯಾಕ್ಟ್ (ಮುಖ್ಯ ಕಾಂಟ್ಯಾಕ್ಟ್ ಅಂಟಿದ್ದರೆ ಕೂಡದಂಥದ್ದು) ರಿಲೇಯ ಫೀಡ್‌ಬ್ಯಾಕಿಗೆ ಬರುತ್ತದೆ, ಅಂಟಿದ್ದು ಅಲ್ಲಿ ಸಿಕ್ಕಿಬೀಳುತ್ತದೆ.

ಲೈಟ್ ಕರ್ಟನ್ (ಕಿರಣ ಕಡಿದರೆ ಮಶೀನು ನಿಲ್ಲಿಸುವ ಬೆಳಕಿನ ಪರದೆ) ಶಿರಸಿಯ ಅಡಿಕೆ ಸುಲಿಯುವ ಮಶೀನಿಗೆ ಬೇಕಾಗದು, ಬೆಲ್ಟಿಗೆ ಗಟ್ಟಿ ಗಾರ್ಡ್ ಇದ್ದರೆ ಆಯಿತು. ಪವರ್ ಪ್ರೆಸ್ಸಿಗೆ ಬೇಕು. ಪರದೆ ಅಪಾಯದ ಜಾಗದಿಂದ ಎಷ್ಟು ದೂರ (ಎಸ್) ಇರಬೇಕೆಂಬ ಲೆಕ್ಕ ಐಎಸ್‌ಓ 13855ರ 2010ರ ಆವೃತ್ತಿಯಲ್ಲಿ ಹೀಗಿತ್ತು: ಎಸ್ = ಕೆ × ಟಿ + ಸಿ. ಕೆ ಅಂದರೆ ಕೈಯ ವೇಗ, ಸೆಕೆಂಡಿಗೆ 2000 ಮಿ.ಮೀ. ಟಿ ಅಂದರೆ ಕಿರಣ ಕಡಿದಾಗಿನಿಂದ ಮಶೀನು ನಿಲ್ಲುವ ತನಕದ ಒಟ್ಟು ಸಮಯ. ಸಿ ಅಂದರೆ ಮೇಲೆ ಸೇರಿಸುವ ದೂರ: ಸಿ = 8 × (ರೆಸಲ್ಯೂಷನ್ − 14). ರೆಸಲ್ಯೂಷನ್ ಅಂದರೆ ಪರದೆ ಗುರುತಿಸಬಲ್ಲ ಅತಿ ಚಿಕ್ಕ ವಸ್ತುವಿನ ಅಳತೆ. ಟಿ 0.2 ಸೆಕೆಂಡು, ರೆಸಲ್ಯೂಷನ್ 14 ಮಿ.ಮೀ. ಆದರೆ ಎಸ್ 400 ಮಿ.ಮೀ. ರೆಸಲ್ಯೂಷನ್ 30 ಆದರೆ 400 + 128 = 528. ಇದು 500 ದಾಟಿದ್ದರಿಂದ ಕೆ 1600 ಹಾಕಿ ಮತ್ತೆ ಲೆಕ್ಕ ಮಾಡಬಹುದು: 320 + 128 = 448. ಆದರೆ ಹೀಗೆ ಮಾಡಿದಾಗ 500ಕ್ಕಿಂತ ಕಡಿಮೆ ಇಡುವಂತಿಲ್ಲ, ಹಾಗಾಗಿ ಉತ್ತರ 500. ಪರೀಕ್ಷೆಯಲ್ಲಿ 448 ಬರೆದು ಬಿಟ್ಟರೆ ಮಾರ್ಕ್ಸ್ ಹೋಯಿತು. ಲೆನ್ಸಿನ ಮೇಲೆ ಉಪ್ಪು ಕೂತು ಬೆಳಕು ತಲುಪದಿದ್ದರೆ ಮಶೀನು ನಿಲ್ಲುತ್ತದೆ. ಕಿರಿಕಿರಿ ನಿಜ, ಆದರೆ ನಮ್ಮ ಪ್ರಶ್ನೆಗೆ ಸರಿಯಾದ ಉತ್ತರ.

ಕರಾವಳಿಯವರಿಗೆ ಒಂದು ಎಚ್ಚರಿಕೆ. ಐಪಿ67 ಅಂದರೆ ಧೂಳು ಹೋಗದು, 1 ಮೀಟರ್ ನೀರಲ್ಲಿ 30 ನಿಮಿಷ ತಡೆಯುತ್ತದೆ ಅಂತ ಮಾತ್ರ. ತುಕ್ಕಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಸ್ಕ್ರೂ, ಬ್ರಾಕೆಟ್ ಎಸ್‌ಎಸ್ 316 ಆಗಿರಲಿ. ಜೂನ್, ಜುಲೈ ಮೀನುಗಾರಿಕೆ ನಿಷೇಧದ ಹೊತ್ತಿಗೆ ಸುಮ್ನೆ ನಿಂತ ಕ್ರಷರ್ ತುಕ್ಕು ಹಿಡಿಯುವುದು ಜಾಸ್ತಿ. ಆಗಸ್ಟಿನಲ್ಲಿ ಶುರು ಮಾಡುವಾಗ ಐಸ್ ಹಾಕುವ ಮೊದಲೇ ಖಾಲಿ ಓಡಿಸಿ, ಒಂದೊಂದೇ ಎಮರ್ಜೆನ್ಸಿ ಗುಂಡಿ ಒತ್ತಿ ನೋಡಿ. ಮುಚ್ಚಳದ ಸ್ವಿಚ್ಚಿನ ಕೇಬಲ್ ಗ್ಲ್ಯಾಂಡ್ ಬಿಚ್ಚಿ ಒಳಗೆ ನೀರು ನಿಂತಿದೆಯಾ ಅಂತಲೂ ನೋಡಿ, ಆದರೆ ಅದಕ್ಕೆ ಮೊದಲು ಮೇನ್ ಆಫ್ ಮಾಡಿ ಬೀಗ ಹಾಕಿ.