ಊರಿನ ಕೊನೆಯ ನಲ್ಲಿ

"ಬೆಳಗ್ಗೆ ಬಿಟ್ಟ ತಕ್ಷಣ ವಾಸನೆ ಹೊಡೀತದೆ ಕಣವ್ವಾ. ಎರಡು ಬಿಂದಿಗೆ ತುಂಬೋ ಹೊತ್ತಿಗೆ ಸರಿಹೋಗ್ತದೆ."

ಹೀಗೆ ಹೇಳಿದ್ದು ದೊಡ್ಡಬಳ್ಳಾಪುರ ಕಡೆಯ ಒಂದು ಹಳ್ಳಿಯ ಅಜ್ಜಿ. ಬೆಂಗಳೂರಿನಿಂದ ಒಂದೂವರೆ ಗಂಟೆ ದಾರಿ. ಸುಮಾರು 120 ಮನೆ, ಎರಡು ಬೋರು, 50,000 ಲೀಟರ್ ಹಿಡಿಯುವ ಒಂದು ಓವರ್‌ಹೆಡ್ ಟ್ಯಾಂಕು. ನಾನು ನೀರು ಪರೀಕ್ಷೆ ಮಾಡುವವಳು. ಕೆಮಿಸ್ಟ್ರಿ ಓದಿ ಲ್ಯಾಬ್ ಸೇರಿದೆ. ಈಗ ಲ್ಯಾಬಿಗಿಂತ ಜಾಸ್ತಿ ಹೊತ್ತು ಹಳ್ಳಿಗಳ ವಾಲ್ ಗುಂಡಿಗಳ ಪಕ್ಕ ಕೂತಿರುತ್ತೇನೆ. ಆ ಊರಿನ ಒಂದೇ ಬೀದಿಯ ಮಕ್ಕಳಿಗೆ ಮೇಲಿಂದ ಮೇಲೆ ಭೇದಿ ಆಗುತ್ತಿದೆ ಅಂತ ಆಶಾ ಕಾರ್ಯಕರ್ತೆ ಹೇಳಿದ್ದರು. ಅದಕ್ಕೇ ಹೋಗಿದ್ದೆ. ಪಂಚಾಯಿತಿಯಲ್ಲಿ ನನ್ನ ಕೈಗೆ ಒಂದು ರಿಪೋರ್ಟ್ ಕೊಟ್ಟರು. "ನೋಡಿ ಮೇಡಂ, ನೀರು ಚೆನ್ನಾಗಿದೆ."

ರಿಪೋರ್ಟ್ ಸುಳ್ಳಲ್ಲ. ಆದರೆ ಮಾದರಿ ತೆಗೆದದ್ದು ಬೋರಿನ ಬಾಯಲ್ಲಿ. ಅಜ್ಜಿಯ ಮನೆ ಅಲ್ಲಿಂದ ಮುಕ್ಕಾಲು ಕಿಲೋಮೀಟರ್ ದೂರ, ಇಳಿಜಾರಿನಲ್ಲಿ, ಪೈಪು ಮುಗಿಯುವ ಕಡೆ. ನಡುವೆ ಒಂದು ಟ್ಯಾಂಕು, ನಾಲ್ಕು ವಾಲು, ಲೆಕ್ಕವಿಲ್ಲದಷ್ಟು ಜಾಯಿಂಟು.

ಬೆಂಗಳೂರಿನವರಿಗೆ ಒಂದು ಮಾತು ಹೇಳಬೇಕು. ನಿಮ್ಮ ಮನೆಗೆ ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಸುಮಾರು 100 ಕಿಲೋಮೀಟರ್ ಬಂದು, ಒಂದು ದೊಡ್ಡ ವ್ಯವಸ್ಥೆಯ ಕಣ್ಗಾವಲಿನಲ್ಲಿ ಸಿಗುತ್ತದೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ 2024ರ ಅಕ್ಟೋಬರ್‌ನಲ್ಲಿ ಕಾವೇರಿ ಯೋಜನೆಯ 5ನೇ ಹಂತವೂ ಶುರುವಾಯಿತು. ಆ ಗೆರೆ ದಾಟಿದರೆ ಕಥೆ ಬೇರೆ. ಅಲ್ಲಿ ಬೋರು, ಟ್ಯಾಂಕು, ಪೈಪು, ಕ್ಲೋರಿನ್ ಎಲ್ಲವೂ ಒಬ್ಬ ನೀರುಗಂಟಿಯ ಕೈಯಲ್ಲಿ. ಕೆಲವು ಊರಲ್ಲಿ ಅವರನ್ನು ವಾಟರ್‌ಮ್ಯಾನ್ ಅನ್ನುತ್ತಾರೆ. ಸಂಬಳ ಕಡಿಮೆ, ಬೈಗುಳ ಜಾಸ್ತಿ.

ಈಗ ಅಜ್ಜಿಯ ಎರಡು ಬಿಂದಿಗೆ ಲೆಕ್ಕಕ್ಕೆ ಬರೋಣ. ನನ್ನ ಕೆಲಸದಲ್ಲಿ ಇಂಥ ಮಾತು ಅರ್ಧ ರಿಪೋರ್ಟ್ ಇದ್ದ ಹಾಗೆ. ವಾಸನೆ ಶುರುವಿನಲ್ಲಿ ಮಾತ್ರ ಇದ್ದು ಆಮೇಲೆ ಹೋದರೆ ತೊಂದರೆ ಪೈಪಿನಲ್ಲಿದೆ. ಕೊನೆಯವರೆಗೂ ಇದ್ದರೆ ಟ್ಯಾಂಕಿನಲ್ಲೋ ಬೋರಿನಲ್ಲೋ ಇರಬಹುದು. ಮಳೆ ಬಂದ ಮರುದಿನ ಮಾತ್ರ ನೀರು ಕೆಂಪಾದರೆ ಬೋರಿನ ಕೇಸಿಂಗ್ (ಬೋರಿನ ಮೇಲ್ಭಾಗಕ್ಕೆ ಇಳಿಸಿದ ಪೈಪು) ಪಕ್ಕದಲ್ಲೇ ಮೇಲಿನ ನೀರು ಇಳಿಯುತ್ತಿದೆಯಾ ಅಂತ ನೋಡಬೇಕು.

ಆ ಊರಲ್ಲಿ ದಿನ ಬಿಟ್ಟು ದಿನ ಎರಡು ಗಂಟೆ ನೀರು ಬಿಡುತ್ತಾರೆ. ನಮ್ಮ ಹಳ್ಳಿಗಳಲ್ಲಿ ಇದು ಮಾಮೂಲು. ವಾಲು ಮುಚ್ಚಿದ ಮೇಲೆ ಪೈಪಿನೊಳಗಿನ ನೀರು ತಗ್ಗಿನ ನಲ್ಲಿಗಳಲ್ಲಿ ಸುರಿದು ಖಾಲಿಯಾಗುತ್ತದೆ. ಹಾಗೆ ಇಳಿಯುವಾಗ ಪೈಪು ಹಿಂದಿನಿಂದ ಎಳೆಯುತ್ತದೆ, ನಾವು ಸ್ಟ್ರಾದಲ್ಲಿ ಎಳನೀರು ಎಳೆದ ಹಾಗೆ. ಎಲ್ಲಾದರೂ ಜಾಯಿಂಟು ಸಡಿಲ ಇದ್ದು, ಹೊರಗೆ ಚರಂಡಿ ನೀರು ನಿಂತಿದ್ದರೆ ಅದು ಒಳಗೆ ಬರುತ್ತದೆ. ಒತ್ತಡ ಇದ್ದಾಗ ಹೊರಗೆ ಸೋರುವ ತೂತೇ ಒತ್ತಡ ಹೋದಾಗ ಒಳಗೆ ಎಳೆಯುವ ತೂತು. ಇದರ ಜತೆಗೆ ಯಾರಾದರೂ ನಲ್ಲಿಗೇ ನೇರವಾಗಿ ಮೋಟರ್ ಹಚ್ಚಿದರೆ ಮುಗಿಯಿತು, ಎಳೆತ ಇನ್ನೂ ಜೋರು. ಮುಂದಿನ ಸಲ ನೀರು ಬಿಟ್ಟಾಗ ಆ ಕೊಳಕೆಲ್ಲ ಮುಂದೆ ಮುಂದೆ ತಳ್ಳಿಸಿಕೊಂಡು ಕೊನೆಯ ನಲ್ಲಿಗೆ ಬರುತ್ತದೆ.

ಕೊನೆಯ ನಲ್ಲಿ ಅಂದರೆ ಯಾರ ಮನೆ? ಬಹಳ ಊರುಗಳಲ್ಲಿ ಉತ್ತರ ಒಂದೇ. ಎಲ್ಲರಿಗೂ ಹಾಕಿ ಆದ ಮೇಲೆ, ಉಳಿದ ಪೈಪಿನಲ್ಲಿ, ಚರಂಡಿ ಇಳಿಯುವ ಕಡೆಗೆ ಹಾಕಿದ ಬೀದಿ. ಬಡವರದ್ದು, ಎಷ್ಟೋ ಸಲ ದಲಿತರ ಕೇರಿ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. 2024ರ ಮೇನಲ್ಲಿ ಮೈಸೂರಿನ ಪಕ್ಕದ ಕೆ. ಸಾಲುಂಡಿಯಲ್ಲಿ ಹತ್ತಾರು ಜನ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು. ಇಂಥ ಸುದ್ದಿ ಓದಿದಾಗೆಲ್ಲ ನನಗೆ ಬರುವ ಮೊದಲ ಪ್ರಶ್ನೆ, ಅಲ್ಲಿ ಕೊನೆಯ ನಲ್ಲಿಯ ನೀರನ್ನು ಯಾರಾದರೂ ಹಿಂದೆ ಪರೀಕ್ಷೆ ಮಾಡಿದ್ದರಾ ಅಂತ.

ಅಜ್ಜಿ ಮನೆಯಲ್ಲಿ ಎರಡು ಮಾದರಿ ತೆಗೆದೆ. ಒಂದು, ನೀರು ಬಂದ ಮೊದಲ ನಿಮಿಷದ್ದು. ಇನ್ನೊಂದು, ಇಪ್ಪತ್ತು ನಿಮಿಷ ಹರಿದ ಮೇಲಿನದ್ದು. ಪುಸ್ತಕದಲ್ಲಿ ಎರಡನೆಯದನ್ನೇ ತೆಗೆಯಿರಿ ಅಂತ ಇರುತ್ತದೆ. ನಲ್ಲಿ ಒರೆಸಿ, ಎರಡು ಮೂರು ನಿಮಿಷ ನೀರು ಬಿಟ್ಟು, ಆಮೇಲೆ ಹಿಡಿಯಬೇಕು. ಅದು ಸರಿಯೇ. ಆದರೆ ಜನ ಮೊದಲ ಬಿಂದಿಗೆಯನ್ನು ಚೆಲ್ಲುವುದಿಲ್ಲವಲ್ಲ. ನೀರಿಗೆ ಬರ ಇರುವ ಊರಲ್ಲಿ ಯಾರು ಚೆಲ್ಲುತ್ತಾರೆ?

ಹಳ್ಳಿಯಲ್ಲೇ ಮಾಡಬಹುದಾದ ಒಂದು ಸುಲಭ ಪರೀಕ್ಷೆ ಇದೆ. ಹೈಡ್ರೋಜನ್ ಸಲ್ಫೈಡ್ ಬಾಟಲಿ ಅಂತ. ಗುರುತಿನವರೆಗೆ ನೀರು ತುಂಬಿ, ಮುಚ್ಚಳ ಹಾಕಿ, ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಡಬೇಕು. ಡಿಸೆಂಬರ್ ಚಳಿಯಲ್ಲಾದರೆ ಅಡುಗೆಮನೆಯಲ್ಲಿ ಒಲೆಯಿಂದ ಸ್ವಲ್ಪ ದೂರ ಇಡಿ ಅನ್ನುತ್ತೇನೆ. ನೀರು ಕಪ್ಪಾದರೆ ಮಲದ ಸಂಪರ್ಕ ಆಗಿರುವ ಅನುಮಾನ ಗಟ್ಟಿ. ಅಜ್ಜಿಯ ಮೊದಲ ಬಾಟಲಿ ಮರುದಿನ ಬೆಳಗ್ಗೆಗೇ ಇದ್ದಿಲಿನ ಹಾಗಿತ್ತು. ಎರಡನೆಯದು ಎರಡನೇ ದಿನ ಸಂಜೆಗೆ ಕಪ್ಪಾಯಿತು. ಬೋರಿನದ್ದು ಹಾಗೇ ಇತ್ತು.

ನೀರುಗಂಟಿ ಅಣ್ಣನ ಜತೆ ಪೈಪಿನ ದಾರಿ ಹಿಡಿದು ನಡೆದೆ. ಮೂರನೇ ವಾಲ್ ಗುಂಡಿಯಲ್ಲಿ ಮೊಣಕಾಲುದ್ದ ಕೊಚ್ಚೆ. ಅದರಾಚೆ ಪೈಪು ಚರಂಡಿಯೊಳಗೇ ಹಾದು ಹೋಗಿದೆ. ಅಲ್ಲೊಂದು ಜಾಯಿಂಟು, ಅದಕ್ಕೆ ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿದಿದ್ದಾರೆ. "ತಾತ್ಕಾಲಿಕ ಮೇಡಂ," ಅಂದರು. ಯಾವಾಗಿಂದ? "ಎರಡು ವರ್ಷ ಆಯ್ತು."

ಇನ್ನು ಕ್ಲೋರಿನ್. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕುತ್ತೀರಿ ಅಂತ ಕೇಳಿದೆ. ಎರಡು ಹಿಡಿ ಅಂದರು. ಚೀಲ ಪಂಚಾಯಿತಿಯ ಮೆಟ್ಟಿಲ ಕೆಳಗೆ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಇಲ್ಲೇ ಇರುವುದು ಎಡವಟ್ಟು. ಹೊಸ ಪೌಡರ್‌ನಲ್ಲಿ ಕೆಲಸಕ್ಕೆ ಬರುವ ಕ್ಲೋರಿನ್ ಸುಮಾರು ಮೂರನೇ ಒಂದು ಭಾಗ ಇರುತ್ತದೆ. ಗಾಳಿ, ಬಿಸಿಲು, ತೇವ ತಾಗಿದರೆ ಅದು ದಿನದಿನಕ್ಕೂ ಹಾರಿಹೋಗುತ್ತದೆ. ಕೊನೆಗೆ ಉಳಿಯುವುದು ಸುಣ್ಣ. ಬಿಳಿಯಾಗಿರುತ್ತದೆ, ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಲೆಕ್ಕ ಕಷ್ಟ ಏನಿಲ್ಲ. 50,000 ಲೀಟರ್ ನೀರಿದೆ, ಪ್ರತಿ ಲೀಟರಿಗೂ ಒಂದು ಮಿಲಿಗ್ರಾಂ ಕ್ಲೋರಿನ್ ಬೇಕು ಅಂದರೆ ಒಟ್ಟು 50 ಗ್ರಾಂ ಕ್ಲೋರಿನ್. ಒಳ್ಳೆಯ ಪೌಡರ್ ಆದರೆ 150 ಗ್ರಾಂ ಹಾಕಬೇಕು. ಅರ್ಧ ಶಕ್ತಿ ಹೋಗಿದ್ದರೆ 300 ಗ್ರಾಂ. ಅದನ್ನೂ ನೇರವಾಗಿ ಟ್ಯಾಂಕಿಗೆ ಸುರಿಯಬಾರದು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳ ಸೇರಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಹಾಕಬೇಕು. ಆಮೇಲೆ ಕಡಿಮೆ ಅಂದರೂ ಅರ್ಧ ಗಂಟೆ ಬಿಟ್ಟು ವಾಲು ತೆಗೆಯಬೇಕು. ಕ್ಲೋರಿನ್‌ಗೆ ಕ್ರಿಮಿ ಕೊಲ್ಲಲು ಹೊತ್ತು ಬೇಕು.

ಆದರೆ ನನಗೆ ಗ್ರಾಂ ಲೆಕ್ಕಕ್ಕಿಂತ ಮುಖ್ಯ ಇನ್ನೊಂದು. ಕೊನೆಯ ನಲ್ಲಿಯಲ್ಲಿ ಎಷ್ಟು ಉಳಿದಿದೆ? ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಕ್ಲೋರಿನ್ ದಾರಿಯುದ್ದಕ್ಕೂ ಕೊಳಕಿನ ಜತೆ ಹೊಡೆದಾಡಿ ಖರ್ಚಾಗುತ್ತಾ ಬರುತ್ತದೆ. ಪರೀಕ್ಷೆಗೆ ಒಂದು ಸಣ್ಣ ಡಬ್ಬಿ ಸಾಕು. ನೀರಿಗೆ ಓಟಿ (ಆರ್ಥೊಟೊಲಿಡಿನ್) ದ್ರಾವಣದ ಹನಿ ಹಾಕಿದರೆ ಕ್ಲೋರಿನ್ ಇದ್ದಲ್ಲಿ ಹಳದಿ ಬಣ್ಣ ಬರುತ್ತದೆ. ಆ ನೀರನ್ನು ಕುಡಿಯಬೇಡಿ, ಕೈಗೂ ತಾಗಿಸಿಕೊಳ್ಳಬೇಡಿ. ಟ್ಯಾಂಕಿನ ಕೆಳಗಿನ ನಲ್ಲಿಯಲ್ಲಿ ತಿಳಿ ಹಳದಿ ಬಂತು. ಅಜ್ಜಿಯ ನಲ್ಲಿಯಲ್ಲಿ ಬಣ್ಣವೇ ಇಲ್ಲ. ನೀರುಗಂಟಿ ಅಣ್ಣ ಆ ಎರಡು ಕೊಳವೆ ಹಿಡಿದುಕೊಂಡು ಸುಮಾರು ಹೊತ್ತು ನೋಡಿದರು. ನಾನು ಮಾಡಿದ ಯಾವ ಭಾಷಣವೂ ಅವರಿಗೆ ಅಷ್ಟು ನಾಟಿರಲಿಲ್ಲ.

ಇಷ್ಟೆಲ್ಲ ಹೇಳುವಾಗ ಒಬ್ಬರು ಕೇಳಿಯೇ ಕೇಳುತ್ತಾರೆ. "ಮೇಡಂ, ಟಿಡಿಎಸ್ ಎಷ್ಟಿದೆ?" ಫಿಲ್ಟರ್ ಮಾರುವವರು ಊರೂರಿಗೆ ಕಲಿಸಿಕೊಟ್ಟ ಒಂದೇ ಪದ ಇದು. ನೀರಿನಲ್ಲಿ ಕರಗಿದ್ದೆಲ್ಲದರ ಒಟ್ಟು ಅಳತೆ, ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ. ಟಿಡಿಎಸ್ ಪೆನ್ನು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡಿ, ಕರಗಿದ ಉಪ್ಪಿನ ಅಂದಾಜು ಕೊಡುತ್ತದೆ. ಕ್ರಿಮಿ ಅದಕ್ಕೆ ಕಾಣುವುದೇ ಇಲ್ಲ. ಕಾಲರಾ ಕ್ರಿಮಿ ಇರುವ ನೀರೂ 150 ತೋರಿಸಬಹುದು, ಕುಡಿದರೆ ಏನೂ ಆಗದ ಬೋರಿನ ನೀರು 700 ತೋರಿಸಬಹುದು. ಮಾನದಂಡದಲ್ಲಿ 500ರೊಳಗೆ ಇರಲಿ, ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೂ ಆಗಬಹುದು ಅಂತಿದೆ. ಇನ್ನು ಕೆಲವರು ನೀರಿಗೆ ಎರಡು ಕಡ್ಡಿ ಇಳಿಸಿ ಕರೆಂಟ್ ಕೊಟ್ಟು, ಕಂದು ಗಸಿ ಬರಿಸಿ ಹೆದರಿಸುತ್ತಾರೆ. ಆ ಗಸಿ ನಿಮ್ಮ ನೀರಿನದ್ದಲ್ಲ, ಕಡ್ಡಿಯ ಕಬ್ಬಿಣದ ತುಕ್ಕು. ಉಪ್ಪನ್ನೂ ಸೋಸಿ ತೆಗೆಯುವ ಆರ್‌ಒ ಫಿಲ್ಟರಿನ ನೀರಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಹಾಗಾಗಿ ಅದು ತಿಳಿಯಾಗಿರುತ್ತದೆ. ಸುಮ್ನೆ ಜಾದೂ ಅಷ್ಟೆ.

ಹಾಗಂತ ಕರಗಿದ್ದೆಲ್ಲ ನಿರುಪದ್ರವಿ ಅಂತಲ್ಲ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಕೆಳಗಿರುವುದು ಗ್ರಾನೈಟು, ನೈಸ್ ಅನ್ನುವ ಗಟ್ಟಿ ಬಂಡೆ. ಬೋರು ಆಳ ಹೋದಷ್ಟೂ ನೀರು ಬಂಡೆಯ ಜತೆ ಹೆಚ್ಚು ಕಾಲ ಕಳೆದಿರುತ್ತದೆ, ಫ್ಲೋರೈಡ್ ಎಳೆದುಕೊಂಡಿರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಬಾರದು. ದಾಟಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಗಟ್ಟಿಯಾಗುವುದು. ನೈಟ್ರೇಟ್‌ನ ಕಥೆ ಉಲ್ಟಾ. ಅದು ಮೇಲಿಂದ ಬರುತ್ತದೆ: ತಿಪ್ಪೆ, ಶೌಚದ ಗುಂಡಿ, ಯೂರಿಯಾ. 45 ಮಿಲಿಗ್ರಾಂ ಮೀರಿದ ನೀರನ್ನು ಬಾಟಲಿ ಹಾಲಿನಲ್ಲಿ ಕಲಸಿ ಎಳೆ ಕೂಸಿಗೆ ಕೊಟ್ಟರೆ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದುತ್ತದೆ, ಮಗು ನೀಲಿಗಟ್ಟುತ್ತದೆ.

ಜನ ಎಡವುವುದು ಇಲ್ಲಿ. ಕ್ರಿಮಿಗೆ ಕುದಿಸುವುದೇ ಒಳ್ಳೆಯ ಮದ್ದು, ಕೊತಕೊತ ಅಂತ ಒಂದು ನಿಮಿಷ ಕುದ್ದರೆ ಸಾಕು. ಫ್ಲೋರೈಡ್, ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ. ಆವಿಯಾದಷ್ಟು ನೀರು ಕಡಿಮೆಯಾಗಿ ಅವು ಇನ್ನಷ್ಟು ಗಟ್ಟಿಯಾಗುತ್ತವೆ. ಅವುಗಳಿಗೆ ಆರ್‌ಒ ಬೇಕು. ಆದರೆ ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಊರಿನ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ 20 ಲೀಟರ್ ಹಿಡಿದುಕೊಂಡು ಬರುತ್ತೀರಿ. ಕ್ಯಾನಿನ ಒಳಗೆ ಪಾಚಿ ಜಾರುತ್ತಿರುತ್ತದೆ. ಆ ನೀರನ್ನು ಕಾಯುವವರು ಯಾರೂ ಇಲ್ಲ. ಮಷೀನಿಗೆ ಲಕ್ಷಗಟ್ಟಲೆ ಸುರಿದು ಕ್ಯಾನು ತೊಳೆಯುವ ಬ್ರಷ್ಷಿಗೆ ದುಡ್ಡಿಲ್ಲದ ಊರುಗಳನ್ನು ನಾನು ನೋಡಿದ್ದೇನೆ.

ಫ್ಲೋರೈಡ್ ಇರುವ ಊರಿಗೆ ನಾನು ಮೊದಲು ಹೇಳುವುದು ಮಳೆನೀರು. 500 ಚದರಡಿ ಚಾವಣಿ, 600 ಮಿಲಿಮೀಟರ್ ಮಳೆ ಅಂತ ಇಟ್ಟುಕೊಳ್ಳಿ. ಸುಮಾರು 28,000 ಲೀಟರ್ ಬೀಳುತ್ತದೆ. ಕಾಲು ಭಾಗ ಹೋದರೂ 20,000 ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಅಂದರೆ ವರ್ಷಕ್ಕೆ 9,125. ಮಳೆ ಇಲ್ಲದ ಐದು ತಿಂಗಳಿಗೆ 4,000 ಲೀಟರಿನ ತೊಟ್ಟಿ ಸಾಕಾಗುತ್ತದೆ. ಮೊದಲ ಮಳೆಯ ನೀರು ಹೊರಗೆ ಬಿಟ್ಟು, ಸೋಸಿ ತುಂಬಿಸಿ, ಕುದಿಸಿ ಕುಡಿದರೆ ಫ್ಲೋರೈಡಿನ ಭಯವಿಲ್ಲ.

ಹಳ್ಳಿಯ ಮನೆಮನೆಗೆ ನಲ್ಲಿ ಹಾಕುವ ಜಲಜೀವನ ಮಿಷನ್ 2019ರಲ್ಲಿ ಶುರುವಾದಾಗ ಒಬ್ಬರಿಗೆ ದಿನಕ್ಕೆ 55 ಲೀಟರ್ ಅನ್ನುವ ಮಾತಿನ ಜತೆ, ಪ್ರತಿ ಹಳ್ಳಿಯಲ್ಲಿ ಐದು ಹೆಂಗಸರಿಗೆ ಪರೀಕ್ಷೆಯ ಕಿಟ್ ಬಳಸಲು ಕಲಿಸಬೇಕು ಅಂತಲೂ ಇತ್ತು. ನನ್ನ ಪ್ರಕಾರ ಆ ಯೋಜನೆಯ ಅತ್ಯಂತ ಒಳ್ಳೆಯ ಸಾಲು ಇದೇ. ಅಜ್ಜಿಯ ಊರಿನ ಕಿಟ್ ಪಂಚಾಯಿತಿ ಬೀರುವಿನಲ್ಲಿ ಪ್ಲಾಸ್ಟಿಕ್ಕೂ ಬಿಚ್ಚದೆ ಇತ್ತು. ತೆಗೆಸಿದೆವು. ದ್ರಾವಣಗಳ ಅವಧಿ ಮುಗಿದಿತ್ತು. ಹೊಸದು ಬರಲು ತಿಂಗಳು ಹಿಡಿಯಿತು. ಈಗ ಅಜ್ಜಿಯ ಸೊಸೆ ವಾರಕ್ಕೊಮ್ಮೆ ಕ್ಲೋರಿನ್ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾಳೆ.

ಚರಂಡಿಯೊಳಗಿನ ಜಾಯಿಂಟು ತೆಗೆದು, ಜಾಯಿಂಟೇ ಇಲ್ಲದ ಒಂದು ಉದ್ದ ಪೈಪನ್ನು ಚರಂಡಿಯ ಮೇಲೆ ಹಾಯಿಸಿದರು. ಮುಂದಿನ ಸಲ ಹೋದಾಗ ಕೊನೆಯ ನಲ್ಲಿಯಲ್ಲಿ ತಿಳಿ ಹಳದಿ ಬಂತು. ಬಾಟಲಿ ಕಪ್ಪಾಗಲಿಲ್ಲ. ಅಜ್ಜಿಗೆ ಮಾತ್ರ ಸಮಾಧಾನ ಇಲ್ಲ.

"ಈಗ ಔಷ್ದಿ ವಾಸ್ನೆ ಬರ್ತದೆ. ಟೀ ಕೆಡ್ತದೆ."

ತಪ್ಪಲೆಯಲ್ಲಿ ತೆಳ್ಳನೆ ಬಟ್ಟೆ ಮುಚ್ಚಿ ಸ್ವಲ್ಪ ಹೊತ್ತು ಇಡಿ, ವಾಸನೆ ಹೋಗುತ್ತದೆ ಅಂದೆ. ಅವರು ತಲೆಯಾಡಿಸುತ್ತಾ ಮೊದಲ ಎರಡು ಬಿಂದಿಗೆ ನೀರನ್ನು ನುಗ್ಗೆಮರದ ಬುಡಕ್ಕೆ ಸುರಿದರು.

"ಪೈಪು ಸರಿ ಆಯ್ತಲ್ಲ ಅಜ್ಜಿ, ಇನ್ನೂ ಯಾಕೆ ಚೆಲ್ತೀರಿ?"

"ಇರ್ಲಿ ಬುಡವ್ವಾ. ಮರಕ್ಕೂ ನೀರು ಬೇಕಲ್ವಾ?"

ನಾನು ಜಾಸ್ತಿ ವಾದ ಮಾಡಲಿಲ್ಲ. ಬರುವ ದಾರಿಯಲ್ಲಿ ಪಕ್ಕದ ಬೀದಿಯ ವಾಲ್ ಗುಂಡಿ ನೋಡಿಕೊಂಡು ಬಂದಿದ್ದೆ. ಅಲ್ಲೊಂದು ಜಾಯಿಂಟಿಗೆ ಹೊಸ ಸೈಕಲ್ ಟ್ಯೂಬ್ ಸುತ್ತಿದ್ದರು.