‘ಅವನಲ್ಲಮ್ಮಾ, ಕಾಯಿಲೆ ಹೊಡೆಸಿದ್ದು’ ಅಂದರೆ ಒಪ್ಪಬೇಕೇ?

ಪ್ರಶ್ನೆ: ನನ್ನ ಗಂಡನಿಗೆ ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಏರಿ, ಇನ್ನೊಮ್ಮೆ ವಿಪರೀತ ಕುಗ್ಗುವ ಕಾಯಿಲೆ) ಇದೆ ಎಂದು ಎರಡು ವರ್ಷದ ಹಿಂದೆ ಡಾಕ್ಟರು ಹೇಳಿದರು. ಅವರು ಕೈ ಮಾಡಿದಾಗಲೆಲ್ಲ ಅತ್ತೆ, ‘ಅವನಲ್ಲಮ್ಮಾ, ಕಾಯಿಲೆ ಹೊಡೆಸಿದ್ದು, ಸಹಿಸ್ಕೋ’ ಅನ್ನುತ್ತಾರೆ. ಕಾಯಿಲೆಯವರ ಮೇಲೆ ತಪ್ಪು ಹೊರಿಸಬಹುದೇ?

ಉತ್ತರ: ಮೊದಲು ನೀವೇ ಒಂದು ವಿಷಯ ನೆನಪು ಮಾಡಿಕೊಳ್ಳಿ. ಅವರು ಹೊಡೆಯುವುದು ಯಾರಿಗೆ? ಆಫೀಸಿನಲ್ಲಿ ಮ್ಯಾನೇಜರ್ ಗದರಿದಾಗ ತಲೆ ತಗ್ಗಿಸಿ ನಿಂತು, ಮನೆಗೆ ಬಂದು ಚಿಲಕ ಹಾಕಿ, ಟಿವಿ ಸೌಂಡು ಜಾಸ್ತಿ ಮಾಡಿ, ರವಿಕೆ ಮುಚ್ಚುವ ಜಾಗ ನೋಡಿ ಹೊಡೆಯುತ್ತಿದ್ದರೆ ಅಲ್ಲೊಂದು ಲೆಕ್ಕಾಚಾರವಿದೆ. ಮೇನಿಯಾ, ಅಂದರೆ ಈ ಕಾಯಿಲೆಯಲ್ಲಿ ಮನಸ್ಸು ಮಿತಿಮೀರಿ ಏರುವ ಹಂತ, ಬಂದವರನ್ನು ಹತ್ತಿರದಿಂದ ಕಂಡವರಿಗೆ ಗೊತ್ತು: ರಾತ್ರಿಗಟ್ಟಲೆ ನಿದ್ದೆಯಿಲ್ಲ, ಮಾತು ನಿಲ್ಲುವುದಿಲ್ಲ, ಕೈಯಲ್ಲಿ ದುಡ್ಡು ಉಳಿಯುವುದಿಲ್ಲ. ಸಿಟ್ಟು ಬಂದರೆ ಬಸ್ ಕಂಡಕ್ಟರ್ ಜೊತೆಗೂ ಜಗಳ, ಪೊಲೀಸರ ಜೊತೆಗೂ ಜಗಳ. ಎದುರಿಗಿರುವವರು ಯಾರು ಎಂದು ಅಳೆದು ನೋಡುವ ವ್ಯವಧಾನ ಆಗ ಸಾಮಾನ್ಯವಾಗಿ ಇರುವುದಿಲ್ಲ.

ನ್ಯಾಯಾಲಯವೂ ಹೆಚ್ಚುಕಡಿಮೆ ಇದನ್ನೇ ನೋಡುತ್ತದೆ. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ, ಅಂದರೆ ಹಳೆಯ ಐಪಿಸಿ 84, ವಿನಾಯಿತಿ ಕೊಡುವುದು ಕಾಯಿಲೆಯ ಹೆಸರಿಗಲ್ಲ. ಆ ಕೃತ್ಯ ನಡೆದ ಹೊತ್ತಿನಲ್ಲಿ ಮನಸ್ಸು ಸ್ವಸ್ಥವಿಲ್ಲದೆ, ತಾನೇನು ಮಾಡುತ್ತಿದ್ದೇನೆ ಎನ್ನುವುದಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎನ್ನುವುದಾಗಲಿ ತಿಳಿಯಲಾರದ ಸ್ಥಿತಿ ಇತ್ತೇ ಎಂಬುದೇ ಪ್ರಶ್ನೆ. ಈ ಅಳತೆಗೋಲು ಲಂಡನ್ನಿನಿಂದ ಬಂದದ್ದು. 1843ರಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬಾತ ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್‌ಗೆ ಗುಂಡು ಹಾರಿಸಿ ಕೊಂದ. ಆಳುವ ಪಕ್ಷದವರು ತನ್ನ ಬೆನ್ನು ಹತ್ತಿದ್ದಾರೆ ಎಂಬ ಭ್ರಮೆ ಅವನಿಗೆ. ಅವನು ಖುಲಾಸೆಯಾದಾಗ ಎದ್ದ ಗದ್ದಲದಿಂದಾಗಿ ಅಲ್ಲಿನ ನ್ಯಾಯಾಧೀಶರು ಈ ನಿಯಮ ವಿವರಿಸಬೇಕಾಯಿತು.

ವೈದ್ಯರು ಹೇಳುವ ಕಾಯಿಲೆ ಬೇರೆ, ಕಾನೂನು ಕೇಳುವ ಅಸ್ವಸ್ಥತೆ ಬೇರೆ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಅಸ್ವಸ್ಥತೆಯನ್ನು ತೋರಿಸಿಕೊಡುವ ಹೊಣೆ ಆರೋಪಿಯದು. ಘಟನೆಗೆ ಮುಂಚೆ, ಆಮೇಲೆ ಅವನು ಹೇಗಿದ್ದ, ಓಡಿಹೋದನೇ, ಗುರುತು ಅಳಿಸಿದನೇ ಎಂದೂ ನೋಡುತ್ತಾರೆ. ಕೋರ್ಟು ಒಪ್ಪಿದರೂ ಸೀದಾ ಮನೆಗೆ ಬಿಡುತ್ತಾರೆ ಎಂದಲ್ಲ, ಸುರಕ್ಷಿತ ಕಾವಲಿನಲ್ಲಿ ಇಡಬಹುದು. ತಾನಾಗಿ ಕುಡಿದ ಅಮಲಿಗಂತೂ ಈ ರಿಯಾಯಿತಿಯೇ ಇಲ್ಲ.

ಹಾಗೆಂದು ಕಾಯಿಲೆ ನೆಪ ಎನ್ನುತ್ತಿಲ್ಲ. ಮನೋವಿಕಾರ ತೀವ್ರವಾಗಿದ್ದಾಗ, ಕಿವಿಯಲ್ಲಿ ಯಾರೋ ಅಪ್ಪಣೆ ಕೊಟ್ಟಂತೆ ಕೇಳುತ್ತಿದ್ದಾಗ ನಡೆದದ್ದಕ್ಕೆ ಮನುಷ್ಯನನ್ನು ಪೂರ್ತಿ ದೂರುವುದು ಕಷ್ಟ. ಆದರೆ ಬೈಪೋಲಾರ್‌ನಲ್ಲಿ ಮನಸ್ಸು ತಿಳಿಯಾಗಿರುವ ತಿಂಗಳುಗಳೂ ಇರುತ್ತವಲ್ಲ? ಮಾತ್ರೆ ತಪ್ಪಿಸದಿರುವುದು, ಲಿಥಿಯಂ ಎಂಬ ಔಷಧ ಕೊಟ್ಟಿದ್ದರೆ ಕಾಲಕಾಲಕ್ಕೆ ರಕ್ತಪರೀಕ್ಷೆಗೆ ಹೋಗುವುದು, ಕುಡಿತದಿಂದ ದೂರವಿರುವುದು ಆ ತಿಂಗಳುಗಳ ಕೆಲಸ. ಕಾಯಿಲೆ ಮರುಕಳಿಸಿದರೆ ತನಗೆ ಯಾವ ಚಿಕಿತ್ಸೆ ಬೇಕು, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಮುಂಚೆಯೇ ಬರೆದಿಡಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಅವಕಾಶವಿದೆ. ಇಷ್ಟನ್ನೂ ಮಾಡದೆ, ಹೊಡೆದ ಮೇಲೆ ಪ್ರಿಸ್ಕ್ರಿಪ್ಷನ್ ಚೀಟಿ ಮುಂದೆ ಹಿಡಿದರೆ ನನಗಂತೂ ಒಪ್ಪಿಗೆಯಾಗದು.

ನಿಮ್ಮ ಅತ್ತೆ ಮಗನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದಾರೆ. ಆದರೆ ಈ ಕಾಯಿಲೆಯಿದ್ದೂ ಯಾರ ಮೇಲೂ ಕೈ ಎತ್ತದವರೇ ಹೆಚ್ಚು. ಅಂಥವರಿಗೆ ಬಾಡಿಗೆ ಮನೆ, ಕೆಲಸ ಸಿಗದಂತಾಗುವುದು ಇಂಥ ಮಾತುಗಳಿಂದಲೇ.

ಈಗ ನಿಮ್ಮ ವಿಷಯ. ಏಟು ಬೀಳುವ ಹೊತ್ತಿನಲ್ಲಿ ಕಾರಣ ಹುಡುಕುತ್ತಾ ಕೂರಬೇಡಿ. ಮನೆಯಿಂದ ಹೊರಬಂದು 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181. ಚಿಕಿತ್ಸೆಯ ಬಗ್ಗೆ ಕೇಳಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣಾ ಆದೇಶ ಕೇಳಲು ಗಂಡನ ಮನಸ್ಸು ಹೇಗಿತ್ತೆಂದು ನೀವು ಸಾಬೀತು ಮಾಡಬೇಕಿಲ್ಲ. ಇನ್ನೊಂದು: ಮುಂದಿನ ಸಲ ಡಾಕ್ಟರ ಹತ್ತಿರ ತಾಯಿ ಮಗ ಇಬ್ಬರೇ ಹೋಗುವುದು ಬೇಡ. ನಿಮಗೂ ಬೇರೆಯಾಗಿ ಐದು ನಿಮಿಷ ಕೇಳಿ, ಯಾವ ದಿನ ಹೊಡೆದರು, ಅದರ ಹಿಂದಿನ ರಾತ್ರಿ ನಿದ್ದೆ ಮಾಡಿದ್ದರೇ, ಕುಡಿದಿದ್ದರೇ, ಎಲ್ಲ ಬರೆದುಕೊಂಡು ಹೋಗಿ ತೋರಿಸಿ.